ಗರಸಿನ ದಾರಿಯಲ್ಲಿ ಕಾನು ಮತ್ತು ಕೆರೆ



ಮಲೆನಾಡಿನಲ್ಲಿ ‘ಬೈಕ್’ ಎಂದರೆ ಮೋಟಾರು ಸೈಕಲ್. ಹಾಗಾಗಿ ‘ಗ್ರಾವೆಲ್ ಬೈಕಿಂಗ್’ ಎಂಬ ಮಾತು ಕಿವಿಗೆ ಬಿದ್ದೊಡನೆ ಹೊಗೆ, ಸದ್ದು, ಕಾಡಿನೊಳಗಿನ ಕೇಕೆ ಇವೇ ನೆನಪಾದರೆ ಅದು ಕೇಳುಗರ ತಪ್ಪಲ್ಲ. ಇಲ್ಲಿ ಪ್ರಸ್ತಾಪಿಸಲಿರುವುದು ಕಾಲಿನಿಂದ ತುಳಿಯುವ ಸೈಕಲ್ಲನ್ನು. ಹಿಡಿಕೆ ಓಟದ ಸೈಕಲ್ಲಿನಂತೆ ಕೆಳಕ್ಕೆ ಬಾಗಿರುತ್ತದೆ; ಟೈರು ಸುಮಾರು 35ರಿಂದ 50 ಮಿಲಿಮೀಟರ್ ಅಗಲವಾಗಿದ್ದು, ಅದರೊಳಗಿನ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಡಾಂಬರಿಲ್ಲದ ದಾರಿಯಲ್ಲಿ ದಿನವಿಡೀ ಸಾಗಲು ಇಷ್ಟು ಸಾಕು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾದಲ್ಲಿ 2006ರಲ್ಲಿ ಇಂತಹ ದಾರಿಯ ದೀರ್ಘ ಸ್ಪರ್ಧೆಯೊಂದು ಆರಂಭವಾಯಿತು. 2022ರಿಂದ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯುತ್ತಿದೆ. ಸ್ಪರ್ಧೆಯ ವಿಷಯ ಇಷ್ಟು ಸಾಕು. ಅದೇ 2006–07ರಲ್ಲಿಯೇ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದ್ದು. ಆ ಸೈಕಲ್ಲುಗಳನ್ನೇರಿ ಕೆಂಪು ದಾರಿಯಲ್ಲಿ ಶಾಲೆಗೆ ಹೋದ ಮಕ್ಕಳು ಈ ಹೊಸ ಕ್ರೀಡೆಯನ್ನು ಅದರ ಹೆಸರು ತಿಳಿಯದೆಯೇ ಆಡಿದವರು.

ಈ ಸವಾರಿಗೆ ಹೇಳಿ ಮಾಡಿಸಿದಂತಹ ನೆಲವೊಂದು ಸಾಗರದಿಂದ ಸೊರಬದ ಮೂಲಕ ಬನವಾಸಿಯವರೆಗೆ ಹಬ್ಬಿದೆ. ಇಲ್ಲಿ ಘಟ್ಟದ ಕಡಿದಾದ ಏರಿಲ್ಲ. ಸಾಗರದ ಸಮೀಪ ವರದಾಮೂಲದಲ್ಲಿ ಹುಟ್ಟಿದ ವರದೆ ಪಶ್ಚಿಮದ ಕಡಲಿಗೆ ಧುಮುಕದೆ, ಅವಸರವಿಲ್ಲದೆ ಉತ್ತರಕ್ಕೆ ಹರಿದು ಬನವಾಸಿಯನ್ನು ಬಳಸಿ ಹೋಗುತ್ತಾಳೆ. ನೆಲದ ಇಳಿಜಾರು ಎಷ್ಟು ಸೌಮ್ಯವೆಂಬುದಕ್ಕೆ ನದಿಯ ಈ ನಡಿಗೆಯೇ ಸಾಕ್ಷಿ. ಪಶ್ಚಿಮದಿಂದ ಪೂರ್ವಕ್ಕೆ ಸಾಗಿದಂತೆ ಮಳೆ ಬೇಗ ಬೇಗನೆ ಇಳಿಯುತ್ತದೆ. ಎಲೆಯುದುರಿಸುವ ಕಾಡಿಗೇ ಸಲ್ಲಬೇಕಾದ ಈ ಸೀಮೆಯ ನಡುನಡುವೆ ವರ್ಷವಿಡೀ ಹಸಿರಾಗಿರುವ ದಟ್ಟ ಕಾಡಿನ ತುಂಡುಗಳು ನಿಂತಿವೆ. ಇವೇ ಕಾನುಗಳು. ಕಾನಿನ ಕೆಳಗೆ ಕೆರೆ, ಕೆರೆಯ ಕೆಳಗೆ ಗದ್ದೆ ಮತ್ತು ಅಡಿಕೆ ತೋಟ, ಅದರ ಕೆಳಗೆ ಮತ್ತೊಂದು ಕೆರೆ: ಸೊರಬದ ಹಳ್ಳಿಗಳನ್ನು ಕಟ್ಟಿದವರ ಲೆಕ್ಕಾಚಾರ ಇದು.

ಹಳೆಯ ಗರಸಿನ ದಾರಿಗಳು ಈ ಲೆಕ್ಕಾಚಾರವನ್ನು ಮೀರಿ ಹೋದವುಗಳಲ್ಲ. ಅವು ಕಾನಿನ ಅಂಚನ್ನು ಸವರಿಕೊಂಡು, ಕೆರೆಯ ಏರಿಯನ್ನೇರಿ, ಕೋಡಿಯ ಬಳಿ ತಗ್ಗಿ, ಗದ್ದೆಯ ಬದಿಯಲ್ಲಿ ಬಳಸಿ ಮುಂದಿನ ಊರನ್ನು ಸೇರುತ್ತವೆ. ಕಾರಿನಲ್ಲಿ ಹೋಗುವವರಿಗೆ ಇದು ಬರೀ ತಿರುವುಗಳ ಕಾಟ. ಗಂಟೆಗೆ ಹನ್ನೆರಡೋ ಹದಿನೈದೋ ಕಿಲೋಮೀಟರ್ ವೇಗದಲ್ಲಿ ತುಳಿಯುವವನಿಗಾದರೋ ಪ್ರತಿ ತಿರುವಿಗೂ ಒಂದು ಕಾರಣ ಕಾಣುತ್ತದೆ. ಕಾನಿನ ನೆರಳು ಆರಂಭವಾದೊಡನೆ ಮೈಗೆ ತಂಪು ತಾಕುತ್ತದೆ. ಚಕ್ರದ ಸದ್ದು ಬದಲಾಗುತ್ತದೆ, ಏಕೆಂದರೆ ಗರಸಿನ ಮೇಲೆ ದರಗು ಬಿದ್ದಿರುತ್ತದೆ ಮತ್ತು ಮಣ್ಣಿನಲ್ಲಿ ಪಸೆ ಇರುತ್ತದೆ. ಅಕೇಶಿಯಾ ನೆಡುತೋಪಿನಲ್ಲಿಯೂ ನೆರಳಿದೆ, ನೆಲದ ಮೇಲೆ ಎಲೆಯೂ ಇದೆ. ಆದರೆ ಆ ಎಲೆ ಬೇಗ ಕೊಳೆಯುವುದಿಲ್ಲ. ಅಲ್ಲಿ ಚಕ್ರದಡಿ ಕೇಳುವುದು ಒಣ ಪುಡಿಯ ಸದ್ದು. ಮಣ್ಣಿನ ಪ್ರಯೋಗಾಲಯ ಹೇಳಬೇಕಾದ ಎಷ್ಟೋ ಸಂಗತಿಗಳನ್ನು ಟೈರು ಮೊದಲೇ ಹೇಳಿಬಿಡುತ್ತದೆ.

ಕಾನುಗಳ ವಿಷಯದಲ್ಲಿ ಸ್ವಲ್ಪ ನಿಲ್ಲುವುದು ಅಗತ್ಯ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ವರದಿಯೊಂದನ್ನು ಸಿದ್ಧಪಡಿಸಿದರು. ಅದರಲ್ಲಿ 171 ಕಾನುಗಳು ಪಟ್ಟಿಯಾಗಿವೆ. ಒಟ್ಟು ವಿಸ್ತೀರ್ಣ 32 ಸಾವಿರ ಎಕರೆಗೂ ಮೇಲೆ. ಆ ಕಾಲದ ಕಾನು ಯಾರೂ ಕಾಲಿಡದ ಕಾಡಾಗಿರಲಿಲ್ಲ. ಮರಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿಸುತ್ತಿದ್ದರು. ಬೈನೆ ಮರ, ದಾಲ್ಚಿನ್ನಿ, ಜೇನು ಎಲ್ಲವೂ ಊರಿನ ಬದುಕಿಗೆ ಸೇರಿದ್ದವು. ಒಳಗೊಂದು ದೇವರ ಕಲ್ಲು, ಅದರ ಪಕ್ಕದಲ್ಲಿ ಒರತೆ. ಬಳಸುತ್ತಲೇ ಉಳಿಸಿಕೊಂಡ ಕಾಡು ಅದು. ಅರಣ್ಯಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಸರಿಯಾದ ಅಂಕಣವಿಲ್ಲದೆ ಹೋದುದರಿಂದ ಕೆಲವು ಅರಣ್ಯ ಇಲಾಖೆಗೆ ಸೇರಿದವು, ಹಲವು ಕಂದಾಯ ಇಲಾಖೆಯ ಕಡತದಲ್ಲಿಯೇ ಉಳಿದವು. ಎರಡು ಇಲಾಖೆಗಳ ನಡುವಿನ ಜಾಗದಲ್ಲಿ ಒತ್ತುವರಿ ಸುಲಭ. ಇಂದು ಆ ದಾರಿಗಳಲ್ಲಿ ಸಾಗುವ ಸವಾರನಿಗೆ ‘ಕಾನು’ ಎಂಬ ಪದ ಊರಿನ ಹೆಸರಿನ ತುದಿಯಲ್ಲಿ ಸಿಗುತ್ತದೆ, ಮರ ಸಿಗುವುದಿಲ್ಲ.

ಕೆರೆಗಳ ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ. ನೆರೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿರುವ ಐದನೆಯ ಶತಮಾನದ ಸ್ತಂಭಶಾಸನವನ್ನು ಎಲ್ಲರೂ ಕದಂಬ ವಂಶದ ಚರಿತ್ರೆಗಾಗಿ ನೆನೆಯುತ್ತಾರೆ. ಆ ಶಾಸನ ಹುಟ್ಟಿದ್ದು ಕಾಕುತ್ಸ್ಥವರ್ಮನು ಕೆರೆಯೊಂದನ್ನು ಕಟ್ಟಿಸಿದ ಸಂಗತಿಯನ್ನು ದಾಖಲಿಸುವುದಕ್ಕಾಗಿ ಎಂಬುದನ್ನು ನೆನೆಯುವವರು ವಿರಳ. ಸೊರಬದಿಂದ ಸುಮಾರು 16 ಕಿಲೋಮೀಟರ್ ದೂರದ ಗುಡವಿಯೂ ಒಂದು ಕೆರೆಯೇ. ಮಳೆಗಾಲದಲ್ಲಿ ನೀರಿನ ನಡುವೆ ನಿಂತ ಮರಗಳ ಮೇಲೆ ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಅದು ಪಕ್ಷಿಧಾಮವೆಂದು ಘೋಷಿತವಾಗಿದೆ. ಆದರೆ ಮರಿಗಳಿಗೆ ಬೇಕಾದ ಮೀನು, ಕಪ್ಪೆ, ಹುಳು ಸಿಗುವುದು ಸುತ್ತಲಿನ ಸಾಧಾರಣ ಕೆರೆಗಳಲ್ಲಿ ಮತ್ತು ಗದ್ದೆಗಳಲ್ಲಿ. ಅವುಗಳಿಗೆ ಯಾವ ಘೋಷಣೆಯೂ ಇಲ್ಲ.

ಇನ್ನು ದಾರಿಯ ವಿಷಯ. ಗರಸು ಎಂದರೆ ಜಂಬಿಟ್ಟಿಗೆಯ ಒಡೆದ ರೂಪ. ಕಬ್ಬಿಣದ ಆಕ್ಸೈಡಿನಿಂದ ಕೂಡಿದ ಈ ಹರಳುಗಳ ನಡುವೆ ಜೇಡಿ ಇರುವುದರಿಂದ ಪಸೆ ಇದ್ದಾಗ ಗಟ್ಟಿಯಾಗಿ ಕೂರುತ್ತದೆ, ಒಣಗಿದಾಗ ಧೂಳಾಗುತ್ತದೆ, ನೀರು ಹರಿದಾಗ ಕೊಚ್ಚಿಹೋಗುತ್ತದೆ. ನಡುವೆ ಉಬ್ಬಿ ಎರಡೂ ಬದಿಗೆ ಇಳಿಜಾರಿರುವ ದಾರಿ ಬಹುಕಾಲ ಬಾಳುತ್ತದೆ. ಬದಿಯ ಚರಂಡಿ ಮುಚ್ಚಿದೊಡನೆ ನೀರು ದಾರಿಯ ನಡುವಿಗೇ ಬರುತ್ತದೆ. ಮೂರು ಮೀಟರ್ ಅಗಲದ ದಾರಿಯಿಂದ ಒಂದು ಮಳೆಗಾಲದಲ್ಲಿ ಒಂದೇ ಸೆಂಟಿಮೀಟರ್ ಮಣ್ಣು ಸವೆಯಿತೆಂದು ಲೆಕ್ಕ ಹಾಕಿ: ಒಂದು ಕಿಲೋಮೀಟರಿಗೆ 30 ಘನಮೀಟರ್, ಅಂದರೆ ಸುಮಾರು ಹತ್ತು ಟ್ರ್ಯಾಕ್ಟರ್ ಲೋಡು. ದಾರಿ ಕೆರೆಯ ಕಡೆಗೆ ಇಳಿಯುವ ಕಡೆಗಳಲ್ಲಿ ಈ ಮಣ್ಣು ಸೇರುವುದು ಕೆರೆಯ ಹಿನ್ನೀರನ್ನು. ಬೇಸಿಗೆಯಲ್ಲಿ ಲಕ್ಷಾಂತರ ರೂಪಾಯಿ ವೆಚ್ಚಮಾಡಿ ಹೂಳೆತ್ತುವಾಗ ಮೇಲಿನ ದಾರಿಯ ಚರಂಡಿಯನ್ನು ಯಾರೂ ನೋಡುವುದಿಲ್ಲ.

ಹಾಗಾದರೆ ಡಾಂಬರು ಹಾಕುವುದೇ ಪರಿಹಾರವೆ? ಹೆರಿಗೆಯ ನೋವಿನಲ್ಲಿರುವ ಹೆಣ್ಣುಮಗಳನ್ನು ಆಸ್ಪತ್ರೆಗೆ ಒಯ್ಯಬೇಕಾದ ಊರಿನವರಿಗೆ, ವಾರಾಂತ್ಯದ ಸವಾರರ ಸಂತೋಷಕ್ಕಾಗಿ ಕೆಂಪು ದಾರಿಯನ್ನು ಉಳಿಸಿಕೊಳ್ಳಿರೆಂದು ಹೇಳುವುದು ಕ್ರೌರ್ಯವಾಗುತ್ತದೆ. ಊರಿಗೊಂದು ಸರ್ವಋತು ರಸ್ತೆ ಬೇಕು. ತಕರಾರು ಇರುವುದು ಅದನ್ನು ಮಾಡುವ ರೀತಿಯಲ್ಲಿ. ತಿರುವನ್ನು ನೇರಗೊಳಿಸಲು ಕಾನಿನ ಅಂಚನ್ನು ಜೆಸಿಬಿಯಿಂದ ಕೆರೆಯುತ್ತಾರೆ. ಗದ್ದೆಯ ನಡುವೆ ರಸ್ತೆಯನ್ನು ಎತ್ತರಿಸಿ, ನಾಲ್ಕು ಮೋರಿ ಬೇಕಾದಲ್ಲಿ ಒಂದನ್ನು ಇಡುತ್ತಾರೆ. ಕೋಡಿಯ ಮಟ್ಟವನ್ನು ತಿಳಿಯದೆ ಕಾಂಕ್ರೀಟು ಸುರಿಯುತ್ತಾರೆ. ಆಗ ಒಂದು ಬದಿಯ ಗದ್ದೆ ಜೌಗಾಗುತ್ತದೆ, ಇನ್ನೊಂದು ಬದಿಗೆ ನೀರೇ ಇಳಿಯುವುದಿಲ್ಲ. ಸೈಕಲ್ಲಿನಲ್ಲಿ ಹೋಗುವವನಿಗೆ ಇದು ಎರಡೂ ಬದಿಯ ಪೈರಿನ ಬಣ್ಣದಲ್ಲಿಯೇ ಕಾಣುತ್ತದೆ.

ಸವಾರಿಗೆ ಹೊರಡುವವರು ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯಿದೆ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಇದೇ ಸೊರಬ ತಾಲ್ಲೂಕಿನದು. ಕಾಡನ್ನು ಕಡಿದು ಗದ್ದೆ ಮಾಡಿದ್ದು, ಕಾಡಿನಂಚಿನಲ್ಲಿ ಜಾನುವಾರು ಮೇಯಿಸಿದ್ದು ಉಣುಗುಗಳ ಹೆಚ್ಚಳಕ್ಕೆ ದಾರಿಯಾಯಿತೆಂದು ಬೋಶೆಲ್ ಎಂಬ ವಿಜ್ಞಾನಿ 1969ರಷ್ಟು ಹಿಂದೆಯೇ ಬರೆದಿದ್ದರು. ದಾರಿ ಒಣಗಿ ಸವಾರಿಗೆ ಹಿತವಾಗುವ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಅವಧಿಯೇ ಈ ಕಾಯಿಲೆಯ ಕಾಲವೂ ಹೌದು. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಆದ್ದರಿಂದ ಮಂಗ ಅಥವಾ ಮುಸುವ ಸತ್ತ ಸುದ್ದಿ ಇರುವ ಕಡೆಗೆ ಹೋಗಲೇಬಾರದು. ದರಗಿನ ಮೇಲೆ ಕುಳಿತು ಬುತ್ತಿ ಬಿಚ್ಚಬಾರದು. ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಬೇಕು. ಅಕ್ಟೋಬರಿನ ಕೊನೆ ಮತ್ತು ನವೆಂಬರು ಉತ್ತಮ: ಕೆರೆ ತುಂಬಿರುತ್ತದೆ, ಗರಸು ಗಟ್ಟಿಯಾಗಿ ಕೂತಿರುತ್ತದೆ.

ಈ ಸವಾರಿಗೆಂದು ಹೊಸ ದಾರಿ ಕಡಿಯುವುದಾಗಲಿ, ಕಾನಿನೊಳಗೆ ಫಲಕ ನೆಡುವುದಾಗಲಿ ಬೇಡ. ಇರುವ ದಾರಿಯೇ ಧಾರಾಳವಾಗಿದೆ. ಅದರ ಬದಲು ಸೈಕಲ್ಲಿನ ಚೀಲದಲ್ಲಿ ಗ್ರಾಮನಕ್ಷೆಯ ಪ್ರತಿಯೊಂದು ಇರಲಿ. 1868ರ ಪಟ್ಟಿಯಲ್ಲಿರುವ ಕಾನು ನಕ್ಷೆಯಲ್ಲಿ ಯಾವ ಸರ್ವೆ ನಂಬರಿನಲ್ಲಿದೆ, ನೆಲದ ಮೇಲೆ ಎಷ್ಟು ಉಳಿದಿದೆ ಎಂಬುದನ್ನು ಒಂದೊಂದು ಸವಾರಿಗೆ ಒಂದೊಂದು ಊರಿನಂತೆ ಗುರುತಿಸಿದರೂ ತಾಲ್ಲೂಕಿನ ಚಿತ್ರ ಕೆಲವೇ ವರ್ಷಗಳಲ್ಲಿ ಸಿದ್ಧವಾಗುತ್ತದೆ. ಗ್ರಾಮಸಭೆಯ ಮುಂದೆ ಇಡಲು ಅಂತಹದೊಂದು ಕಾಗದ ಬೇಕು. ಬರೀ ಕಳಕಳಿಯನ್ನು ಯಾವ ಕಡತಕ್ಕೂ ಸೇರಿಸಲಾಗುವುದಿಲ್ಲ.

ಜೂನಿನ ಮೊದಲ ದೊಡ್ಡ ಮಳೆಯ ದಿನ ಇನ್ನೊಂದು ಸಣ್ಣ ಕೆಲಸವೂ ಇದೆ. ಒಂದೇ ಅಳತೆಯ ಎರಡು ಗಾಜಿನ ಬಾಟಲಿಗಳನ್ನು ತೆಗೆದುಕೊಂಡು ಹೋಗಿ, ಕಾನಿನಿಂದ ಇಳಿಯುವ ಹಳ್ಳದ ನೀರನ್ನು ಒಂದರಲ್ಲಿ, ದಾರಿಯ ಮೋರಿಯಿಂದ ಕೆರೆಗೆ ಬೀಳುವ ನೀರನ್ನು ಇನ್ನೊಂದರಲ್ಲಿ ತುಂಬಬೇಕು. ರಾತ್ರಿಯಿಡೀ ಅಲುಗಾಡಿಸದೆ ಇಟ್ಟು, ಬೆಳಿಗ್ಗೆ ತಳದಲ್ಲಿ ಕೂತ ಮಣ್ಣನ್ನು ಶಾಲೆಯ ಮಕ್ಕಳ ಅಳತೆಪಟ್ಟಿಯಿಂದ ಅಳೆದು, ದಿನಾಂಕ ಮತ್ತು ಊರಿನ ಹೆಸರಿನೊಡನೆ ಬರೆದಿಡಬೇಕು.