ಸೈಕಲ್ಲಿಗೊಂದು ದಾರಿ



2006-07ನೇ ಸಾಲಿನಿಂದ ಹಲವು ವರ್ಷ ಕರ್ನಾಟಕ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡದ ಹಳ್ಳಿಗಳಿಗೂ ಅವು ಬಂದವು. ಹೆಣ್ಣುಮಕ್ಕಳ ಸೈಕಲ್ಲಿಗೆ ಮುಂದೊಂದು ಬುಟ್ಟಿ. ಬೆಳಿಗ್ಗೆ ಅಪ್ಪ ಅದರಲ್ಲೇ ಡೇರಿಗೆ ಹಾಲು ಹಾಕಿ ಬರುತ್ತಿದ್ದ, ಆಮೇಲೆ ಮಗಳು ಅದನ್ನೇ ಹತ್ತಿ ಹೈಸ್ಕೂಲಿಗೆ ಹೊರಡುತ್ತಿದ್ದಳು. ಸೈಕಲ್ಲೇನೋ ಬಂತು, ಅದು ನೆಮ್ಮದಿಯಾಗಿ ಓಡಾಡುವ ದಾರಿಯನ್ನು ಮಾತ್ರ ಯಾರೂ ಕೊಡಲಿಲ್ಲ. ಟಾರು ರಸ್ತೆಗೆ ಬಂದರೆ ಬೆನ್ನ ಹಿಂದೆ ಜಲ್ಲಿ ಲಾರಿ. ಹೊಲದ ದಾರಿಗೆ ಇಳಿದರೆ ಜಾಲಿ ಮುಳ್ಳು.

ಈ ಮುಳ್ಳಿನ ಮಾತು ಸಣ್ಣದಲ್ಲ. ನಮ್ಮ ಬಯಲುಸೀಮೆಯ ಪಂಚರ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಟ್ಯೂಬು ಹೊರಗೆಳೆದು, ಗಾಳಿ ತುಂಬಿ, ನೀರಿನ ಬೋಗುಣಿಯಲ್ಲಿ ಮುಳುಗಿಸಿದರೆ ಒಂದು ಕಡೆಯಲ್ಲ, ನಾಲ್ಕು ಕಡೆ ಗುಳ್ಳೆ ಏಳುತ್ತದೆ. ಟೈರಿನ ಒಳಗೆ ಬೆರಳಾಡಿಸಿ ಮುರಿದುಕೊಂಡ ಮುಳ್ಳಿನ ಮೊನೆ ಹುಡುಕಿ ತೆಗೆಯದೆ ಪ್ಯಾಚು ಹಾಕಿದರೆ, ಊರು ಮುಟ್ಟುವ ಮೊದಲೇ ಮತ್ತೆ ಪಂಚರ್. ಮನೆಯ ಮೂಲೆ ಸೇರಿದ ಎಷ್ಟೋ ಸೈಕಲ್ಲುಗಳ ಕತೆ ಇಷ್ಟೇ.

ಹೊರದೇಶಗಳಲ್ಲಿ ಸೈಕಲ್ಲಿಗೇ ಬೇರೆ ದಾರಿ ಮಾಡುವ ರೂಢಿ ಇದೆ. ಮೋಟಾರು ವಾಹನಕ್ಕೆ ಪ್ರವೇಶವಿಲ್ಲ, ಎದುರುಬದುರಾಗಿ ಇಬ್ಬರು ಆರಾಮವಾಗಿ ಹೋಗಬಹುದಾದ ಮೂರು ಮೀಟರ್ ಅಗಲ, ಟಾರು ಅಥವಾ ಕಾಂಕ್ರೀಟಿನ ನುಣುಪು. ಅಲ್ಲಿ ಇದನ್ನು ವಿಹಾರಕ್ಕೆಂದೇ ಮಾಡುತ್ತಾರೆ. ನೀರಿಗೇ ತತ್ವಾರವಿರುವ ಸೀಮೆಗೆ ವಿಹಾರದ ದಾರಿ ಯಾಕಪ್ಪಾ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ನ್ಯೂಜಿಲೆಂಡಿನ ಒಂದು ಸೀಮೆಯ ಕತೆ ಹೇಳುತ್ತೇನೆ.

ಆ ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಜಾಗ ಸೆಂಟ್ರಲ್ ಒಟಾಗೊ. ಬಂಡೆ, ಒಣಹುಲ್ಲು, ಕುರಿ. ಪಾವಗಡದವರಿಗೆ ಗುರುತು ಹೇಳಿಕೊಡಬೇಕಿಲ್ಲ. ಅಲ್ಲಿನ ರೈಲು ಮಾರ್ಗದ ದೊಡ್ಡ ಭಾಗ 1990ರಲ್ಲಿ ನಿಂತುಹೋಯಿತು. ಹಳಿ ಕಿತ್ತರು. ಹರೆಯದವರು ಊರು ಬಿಟ್ಟರು. ಕಿತ್ತ ಹಳಿಯ ಜಾಗವನ್ನು ಹಾಳುಬಿಡದೆ ನಡಿಗೆಗೂ ಸೈಕಲ್ಲಿಗೂ ದಾರಿ ಮಾಡಿ, 2000ದಲ್ಲಿ ಪೂರ್ತಿ ತೆರೆದರು. ಉದ್ದ ಸುಮಾರು 150 ಕಿಲೋಮೀಟರ್. ಟಾರು ಕೂಡ ಹಾಕಲಿಲ್ಲ, ಜಲ್ಲಿಪುಡಿ ಹಾಸಿ ರೋಲರ್ ಓಡಿಸಿದರು, ಅಷ್ಟೇ. ಮುಚ್ಚುವ ಸ್ಥಿತಿಯಲ್ಲಿದ್ದ ಹೋಟೆಲುಗಳು ಅದರಿಂದ ಉಳಿದುಕೊಂಡವು. ರೈತರು ಮನೆಯ ಖಾಲಿ ಕೋಣೆಗಳನ್ನು ಬಾಡಿಗೆಗೆ ಕೊಟ್ಟರು.

ಇದು ಹೇಗೆ ಆಯಿತು ಅನ್ನುವುದನ್ನು ಗಮನಿಸಬೇಕು. ರೈಲು ಕಡಿದಾದ ಏರು ಹತ್ತಲಾರದು. ನಮ್ಮ ಮುಖ್ಯ ಮಾರ್ಗಗಳಲ್ಲೂ ನೂರು ಮೀಟರಿಗೆ ಒಂದು ಮೀಟರಿನಷ್ಟು ಏರಿದ್ದರೆ ಹೆಚ್ಚು. ಹಾಗಾಗಿ ಹಳಿ ಇದ್ದ ದಾರಿಯಲ್ಲಿ ಅರವತ್ತು ದಾಟಿದವರೂ ಏದುಸಿರು ಬಿಡದೆ ತುಳಿಯಬಹುದು. ಇನ್ನು ವೇಗ. ಬೆಂಗಳೂರಿನಿಂದ ಹೊರಟ ಕಾರು ಹೆದ್ದಾರಿಯಲ್ಲಿ ಶಿರಾವನ್ನು ಕಿಟಕಿಯ ಗಾಜಿನಲ್ಲೇ ದಾಟಿಬಿಡುತ್ತದೆ, ಊರಿಗೆ ಅದರಿಂದ ಬರುವುದು ಧೂಳು. ಸೈಕಲ್ಲಿನವರದು ಗಂಟೆಗೆ ಹನ್ನೆರಡೋ ಹದಿನೈದೋ ಕಿಲೋಮೀಟರ್. ಅವರಿಗೆ ಪ್ರತಿ ಗಂಟೆಗೂ ನೀರು ಬೇಕು, ಎಳನೀರಾದರೆ ಇನ್ನೂ ಒಳ್ಳೆಯದು. ಮಧ್ಯಾಹ್ನಕ್ಕೆ ಹೊಟ್ಟೆ ತುಂಬ ಮುದ್ದೆ, ಉಪ್ಸಾರು ಬೇಕು. ರಾತ್ರಿಯಾದರೆ ಮಲಗಲು ಚಾಪೆ ಬೇಕು. ಇದನ್ನೆಲ್ಲ ಅವರು ಹಳ್ಳಿಯಲ್ಲೇ ಕೊಳ್ಳಬೇಕು.

ನೋಡಲು ನಮ್ಮಲ್ಲಿ ಏನಿದೆ ಎನ್ನುವವರಿಗೆ ಒಂದಷ್ಟು ಹೆಸರು ಹೇಳಬೇಕು. ಮಧುಗಿರಿಯ ಏಕಶಿಲಾ ಬೆಟ್ಟ. ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಜಿಗಿಯುವ ಕೃಷ್ಣಮೃಗ. ಮಿಡಿಗೇಶಿಯ ಕೋಟೆ. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಹುಣಸೆಮರಗಳ ಮೇಲೆ ಗೂಡು ಕಟ್ಟುತ್ತವೆ. ಊರಿನವರೇ ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಮೃಗಕ್ಕೂ ಹಕ್ಕಿಗೂ ಸದ್ದಿಲ್ಲದ ಸವಾರರೇ ಲೇಸು.

ಕರ್ನಾಟಕದಲ್ಲಿ ಸೈಕಲ್ಲಿಗೆ ಅನುಕೂಲ ಮಾಡಿಕೊಡುವ ಕೆಲಸ ಈವರೆಗೆ ಹೆಚ್ಚಾಗಿ ನಗರಗಳಲ್ಲೇ ನಡೆದಿದೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಬಂತು. ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ದಡದಲ್ಲಿ ಹಸಿರು ಪಥದ ಯೋಜನೆ ಕೈಗೆತ್ತಿಕೊಂಡರು. ನನಗೆ ಇವೆರಡಕ್ಕಿಂತ ಹೈದರಾಬಾದಿನದು ಹೆಚ್ಚು ಹತ್ತಿರದ್ದೆನಿಸುತ್ತದೆ. ಅಲ್ಲಿನ ಹೊರವರ್ತುಲ ರಸ್ತೆಯ ಪಕ್ಕ 2023ರ ಅಕ್ಟೋಬರ್ 1ರಂದು 23 ಕಿಲೋಮೀಟರ್ ಸೈಕಲ್ ಪಥ ತೆರೆದರು. ಅದಕ್ಕೆ ಸೌರಫಲಕಗಳದೇ ಚಾವಣಿ. ಕೆಳಗೆ ನೆರಳು, ಮೇಲೆ ಕರೆಂಟು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರಪಾರ್ಕ್ ಮಾಡಿಕೊಂಡ ಸೀಮೆಗೆ ಈ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ನೆರಳಿಲ್ಲದ ಟಾರು ದಾರಿ ಮಾಡಿಟ್ಟರೆ ಅದರ ಮೇಲೆ ಹಲ್ಲಿಯೂ ಓಡಾಡದು. ಅಷ್ಟುದ್ದ ಚಾವಣಿಗೆ ದುಡ್ಡಿಲ್ಲವೆಂದರೆ ಹುಣಸೆ, ಹೊಂಗೆ, ಬೇವು ಸಾಕು. ಆದರೆ ದಾರಿಗಿಂತ ನಾಲ್ಕು ವರ್ಷ ಮೊದಲೇ ಗುಂಡಿ ತೋಡಬೇಕು.

ಜಾಗ ಎಲ್ಲಿದೆ? ರೈತರ ಒಂದಂಗುಲ ಹೊಲವನ್ನೂ ಇದಕ್ಕೆ ಕೇಳಬಾರದು, ಈ ಮಾತಿನಲ್ಲಿ ರಾಜಿ ಇಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಶಿರಾ, ಪಾವಗಡದ ಕಡೆಗೆ ಬರಬೇಕಾಗಿದೆ. ಕಾಲುವೆ ಎಂದ ಮೇಲೆ ತಪಾಸಣೆಗೆಂದು ದಡದ ಮೇಲೆ ದಾರಿ ಇದ್ದೇ ಇರುತ್ತದೆ. ರೈಲು ಹಳಿಗಿಂತಲೂ ಸಮತಟ್ಟು ಅದು. ರಾಯದುರ್ಗ-ತುಮಕೂರು ರೈಲು ಮಾರ್ಗ ಪಾವಗಡ, ಮಧುಗಿರಿ, ಕೊರಟಗೆರೆಗಳನ್ನು ಹಾದುಬರಲಿದೆ. ಅದರ ಕೆಳಸೇತುವೆಗಳಲ್ಲಿ ಮಳೆನೀರು ನಿಂತರೂ ದಾಟಲಾಗುವಂತೆ ಬದಿಯಲ್ಲಿ ಒಂದೂವರೆ ಅಡಿ ಎತ್ತರದ ಸೈಕಲ್ ಕಟ್ಟೆ ಕೇಳುವುದಾದರೆ ಕಟ್ಟುವಾಗಲೇ ಕೇಳಬೇಕು.

ವಿಹಾರಕ್ಕೆಂದು ಮಾಡಿದ ದಾರಿಯಲ್ಲಿ ವಿಹಾರಿಗಳು ಬರುವುದು ಶನಿವಾರ, ಭಾನುವಾರ. ಮಿಕ್ಕ ದಿನ ಅದು ಊರಿನದು. ಬಿಹಾರದಲ್ಲೂ ಹುಡುಗಿಯರಿಗೆ ಸೈಕಲ್ ಕೊಟ್ಟರು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಎಂಬ ಅರ್ಥಶಾಸ್ತ್ರಜ್ಞರು ಅದನ್ನು ಅಭ್ಯಸಿಸಿ, ಸರಿಯಾದ ವಯಸ್ಸಿಗೆ ಪ್ರೌಢಶಾಲೆ ಸೇರುವ ಹುಡುಗಿಯರ ಪ್ರಮಾಣ ಶೇಕಡ 32ರಷ್ಟು ಏರಿತೆಂದು ತೋರಿಸಿದರು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಈ ಏರಿಕೆ ಹೆಚ್ಚು. ಶಿರಾ ಕಡೆಯ ಬರಗೂರಿನಂಥ ಊರಿನ ಸುತ್ತ ದಾರಿಯ ಮೊದಲ ತುಂಡು ಹಾಕುವುದಾದರೆ ಕೋಟೆಯಿಂದಲ್ಲ, ಹೈಸ್ಕೂಲಿನ ಗೇಟಿನಿಂದ ಹಾಕಬೇಕೆಂದು ನಾನು ಹೇಳುವುದು ಇದಕ್ಕೇ.

ತಕರಾರುಗಳೂ ಬರುತ್ತವೆ. ಸುಗ್ಗಿಯಲ್ಲಿ ನುಣುಪಾದ ದಾರಿ ಕಂಡರೆ ಅಲ್ಲಿ ಹುರುಳಿ, ರಾಗಿ ಹರವುತ್ತಾರೆ. ಬೇಡವೆಂದು ಫಲಕ ನೆಟ್ಟರೆ ಯಾರು ಕೇಳುತ್ತಾರೆ? ಪ್ರತಿ ಊರಿನ ಬಳಿ ಪಕ್ಕದಲ್ಲೊಂದು ಕಾಂಕ್ರೀಟು ಕಣ ಮಾಡಿಕೊಡುವುದೇ ಸರಿ. ಮುಳ್ಳು ಗುಡಿಸುವ ಕೆಲಸಕ್ಕೆ ಪಂಚಾಯಿತಿ ವಾರಕ್ಕೊಮ್ಮೆ ಆಳು ಇಡಬೇಕು. ಟ್ರ್ಯಾಕ್ಟರ್ ನುಗ್ಗದಂತೆ ಎರಡು ತುದಿಗೂ ಕಲ್ಲುಕಂಬ ನೆಡಬೇಕು, ಹಾಲಿನ ಕ್ಯಾನು ಕಟ್ಟಿದ ಸೈಕಲ್ಲೂ ಗಾಲಿಕುರ್ಚಿಯೂ ಹಾಯುವಷ್ಟು ಸಂದು ಬಿಟ್ಟು. ಆ ಸಂದಿನಲ್ಲಿ ಬೈಕು ಕೂಡ ನುಗ್ಗುತ್ತದೆ. ಅದಕ್ಕೆ ದಂಡ ಹಾಕುವ ಅಧಿಕಾರ ಯಾರಿಗೆ ಎಂಬುದನ್ನು ಟಾರು ಹಾಕುವ ಮೊದಲೇ ಗ್ರಾಮಸಭೆಯಲ್ಲಿ ತೀರ್ಮಾನಿಸಿಕೊಳ್ಳಬೇಕು.