ತಾಯಿ ಕಳಿಸುವ ಕ್ಷೇಮ ಸಮಾಚಾರ



ಇಂದಿನ ನಮ್ಮ ಮಾತು ಮಕ್ಕಳನ್ನು ಧರ್ಮಕಾರ್ಯಕ್ಕೆ ಒಪ್ಪಿಸಿದ ತಾಯಂದಿರಿಗಾಗಿ. ಅಂಥವರು ಈ ಸಭೆಯಲ್ಲಿ ಏಳೆಂಟು ಮಂದಿ ಇದ್ದೀರಿ; ನಿಮ್ಮ ಮಕ್ಕಳು ನಮ್ಮ ಮಠದಲ್ಲಿ ಸಂಸ್ಕೃತ ಓದುತ್ತಿದ್ದಾರೆ. ಕಳೆದ ವಾರ ಒಬ್ಬ ತಾಯಿ ಬಂದು, "ಬುದ್ಧಿ, ಮನೆಯಾಗ ಹುಡುಗನ ಅಜ್ಜಿ ಹಾಸಿಗಿ ಹಿಡಿದಾಳ. ಅವಗ ಹೇಳಬೇಕೋ ಬ್ಯಾಡೋ? ಓದು ಕೆಡತೈತೆಂದು ಅಂಜಿಕಿ" ಎಂದು ಕೇಳಿದರು. ಹಿಂದಿನವರಾಗಿದ್ದರೆ "ಬೇಡ" ಎಂದು ಬಿಡುತ್ತಿದ್ದರು. ನಾವು ಹಾಗೆನ್ನಲಿಲ್ಲ. ಏಕೆನ್ನಲಿಲ್ಲ ಎಂಬುದನ್ನು ನಿಮ್ಮೆಲ್ಲರ ಮುಂದೆ ಹೇಳಬೇಕೆನ್ನಿಸಿತು.

ನಮ್ಮ ಮಠದ ಭಕ್ತರೊಬ್ಬರು 2017ರಲ್ಲಿ ಅಮೆರಿಕದಲ್ಲಿರುವ ಮಗನ ಮನೆಗೆ ಹೋಗಿದ್ದರು. ಮಗನಿರುವುದು ಯೂಟಾ ಪ್ರಾಂತ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ. ಜನರು ಮಾರ್ಮನ್ ಎಂದು ಕರೆಯುವ ಕ್ರೈಸ್ತ ಪಂಥಕ್ಕೆ ಆ ಊರೇ ಕೇಂದ್ರ. ಆ ಪಂಥದ ತರುಣರು 18 ವರ್ಷ ತುಂಬಿದ ಮೇಲೆ ಮನೆ ಬಿಟ್ಟು ಎರಡು ವರ್ಷ ಧರ್ಮಪ್ರಚಾರಕ್ಕೆ ಹೋಗುತ್ತಾರೆ. ತರುಣಿಯರು ಹೋದರೆ 18 ತಿಂಗಳು. ಎಲ್ಲಿಗೆ ಹೋಗಬೇಕೆಂಬುದನ್ನು ಹಿರಿಯರು ನಿಶ್ಚಯಿಸುತ್ತಾರೆ. ಸಂಬಳವಿಲ್ಲ. ಒಬ್ಬೊಬ್ಬರೇ ತಿರುಗುವಂತಿಲ್ಲ, ಸದಾ ಜೋಡಿಯಾಗಿಯೇ ಇರಬೇಕು. ವಾರದಲ್ಲಿ ಒಂದು ದಿನ ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಬರೆಯಲು ಬಿಡುವು. ಆಗಿನ ಕಟ್ಟಳೆಯಂತೆ ಮನೆಯವರೊಡನೆ ದೂರವಾಣಿಯಲ್ಲಿ ಮಾತಾಡುವುದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್ಸಿಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ. 2019ರ ಫೆಬ್ರವರಿಯಲ್ಲಿ ಇದು ಸಡಿಲಾಗಿ, ಈಗ ವಾರಕ್ಕೊಮ್ಮೆ ಮಾತಾಡಬಹುದು. ಅವರ ತತ್ತ್ವವನ್ನು ನಾವು ಒಪ್ಪುವುದು, ಬಿಡುವುದು ಬೇರೆ ಮಾತು. ಹದಿನೆಂಟು ವರ್ಷದ ಮಗನನ್ನು ಕಂಡರಿಯದ ದೇಶಕ್ಕೆ ಕಳಿಸಿ ಮನೆಯಲ್ಲಿ ಕುಳಿತಿರುವ ತಾಯಿ ಮಾತ್ರ ಎಲ್ಲ ಮತದಲ್ಲಿಯೂ ಒಬ್ಬಳೇ.

ಭಕ್ತರ ಮಗನ ನೆರೆಮನೆಯಲ್ಲಿ ಅಂಥ ಒಬ್ಬ ತಾಯಿ. ಮಗ ಬ್ರೆಜಿಲ್ ದೇಶದಲ್ಲಿ. ಆಕೆ ವಾರವೆಲ್ಲ ಒಂದು ಚೀಟಿಯಲ್ಲಿ ಸುದ್ದಿ ಕೂಡಿಹಾಕುತ್ತಿದ್ದಳಂತೆ. ತಮ್ಮನ ಪರೀಕ್ಷೆಯ ಗುಣಗಳು, ಹಿತ್ತಿಲ ಸೇಬಿನ ಗಿಡ, ನಾಯಿಯ ಕಾಲಿಗೆ ಮುಳ್ಳು ಚುಚ್ಚಿದ್ದು, ಇಂಥವೇ. ಒಂದು ವಾರ ಅಜ್ಜ ಆಸ್ಪತ್ರೆ ಸೇರಿದ. ಆಕೆ ಪತ್ರವನ್ನು ಎರಡು ಸಲ ಬರೆದಳು, ಅಜ್ಜನ ಸುದ್ದಿ ಇಟ್ಟು ಒಮ್ಮೆ, ಬಿಟ್ಟು ಒಮ್ಮೆ. ಕೊನೆಗೆ ಕಳಿಸಿದ್ದು ಮೊದಲನೆಯದನ್ನು. ನಮ್ಮ ಭಕ್ತರು ಏಕೆಂದು ಕೇಳಿದ್ದಕ್ಕೆ, "ನಾಯಿಯ ಮುಳ್ಳನ್ನು ತಿಳಿಸಿ ಅಜ್ಜನನ್ನು ಮುಚ್ಚಿಟ್ಟರೆ ಅವನು ನನ್ನ ಮಗನೋ, ಊರಿಗೆ ಬಂದ ಅತಿಥಿಯೋ?" ಎಂದಳಂತೆ.

ವಿರಕ್ತನಿಗೆ ಮನೆಯ ಸುದ್ದಿ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ವಿವೇಕಾನಂದರ ಪ್ರಸಂಗ ನೋಡಿರಿ. 1893ರ ಆರಂಭದಲ್ಲಿ ಅವರು ಮದರಾಸಿನಲ್ಲಿ ಮನ್ಮಥನಾಥ ಭಟ್ಟಾಚಾರ್ಯರ ಮನೆಯಲ್ಲಿದ್ದರು. ಮನೆಗೆ ಪತ್ರವಿರಲಿ, ತಮ್ಮ ಮಠಕ್ಕೂ ಆಗ ಬರೆಯುತ್ತಿರಲಿಲ್ಲ. ಒಂದು ರಾತ್ರಿ ತಾಯಿ ತೀರಿಕೊಂಡಂತೆ ಕನಸಾಯಿತು. ಅಮೆರಿಕಕ್ಕೆ ಹೊರಡಿಸಲು ಸ್ನೇಹಿತರು ಅವಸರಪಡಿಸುತ್ತಿದ್ದರೆ, ಇವರಿಗೆ ತಾಯಿಯ ಸುದ್ದಿ ತಿಳಿಯದೆ ಕಾಲು ಏಳಲೊಲ್ಲದು. ಕಲ್ಕತ್ತೆಗೆ ತಂತಿ ಹೋಯಿತು. ಅಷ್ಟೇ ಅಲ್ಲ, ಭೂತಭವಿಷ್ಯ ಹೇಳುವವನೊಬ್ಬನ ಬಳಿಗೂ ಹೋದರು! ತಾಯಿ ಕ್ಷೇಮವೆಂಬ ತಂತಿ ಬಂದಿತು. ಆ ವರ್ಷದ ಮೇ 31ರಂದು ಮುಂಬಯಿಯಿಂದ ಹಡಗು ಹತ್ತಿದರು. ಮುಂದೆಯೂ ತಾಯಿ ಭುವನೇಶ್ವರೀದೇವಿಯವರ ಜೀವನಕ್ಕಾಗಿ ಖೇತಡಿಯ ಮಹಾರಾಜರಲ್ಲಿ ಬಾಯಿ ತೆರೆದು ಕೇಳಿಕೊಂಡರು. ಅಂಥವರ ವೈರಾಗ್ಯಕ್ಕೆ ಇದರಿಂದ ಕುಂದು ಬಂದಿತೇ? ಸುದ್ದಿ ಬಾರದಿದ್ದಾಗ ಮನಸ್ಸು ಸುಮ್ಮನಿರುವುದಿಲ್ಲ, ಕನಸಿನಲ್ಲಿ ತಾನೇ ಸುದ್ದಿ ಮಾಡಿಕೊಳ್ಳುತ್ತದೆ.

ನಮ್ಮ ಶರಣರಲ್ಲಿಯೂ ಹಾಗೆಯೇ. ಬಸವಣ್ಣನವರು ಮನೆ ಬಿಟ್ಟು ಸಂಗಮಕ್ಕೆ ಹೊರಟಾಗ ಅಕ್ಕನಾಗಮ್ಮನವರು ಜೊತೆಗೆ ನಡೆದರೆಂದು ಪರಂಪರೆ ಹೇಳುತ್ತದೆ. ಬಿಟ್ಟದ್ದು ಮನೆಯ ಕಟ್ಟಳೆಯನ್ನು, ರಕ್ತದ ಅಕ್ಕನನ್ನಲ್ಲ.

ಇನ್ನು ನಮ್ಮದೇ ಮಾತು ಬಂದಿತು. ಹೇಳಬಾರದೆಂದು ಬಹಳ ದಿನ ಇದ್ದೆವು. ಇರಲಿ.

ನಾವು ಕಾಶಿಯಲ್ಲಿ ವ್ಯಾಕರಣ ಓದುತ್ತಿದ್ದ ಕಾಲ. ನಮ್ಮ ಪೂರ್ವಾಶ್ರಮದ ತಾಯಿಗೆ ಅಕ್ಷರ ಬಾರದು. ಊರ ಶಾಲೆಯ ಮಾಸ್ತರರಿಂದ ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ಬರೆಸುತ್ತಿದ್ದರು. ಆಕಳು ಕರು ಹಾಕಿತು, ಹೊಲಕ್ಕೆ ಮಳೆ ಆಯಿತು, ತಂಗಿಗೆ ವರ ಬಂದಿದ್ದಾನೆ; ಕೊನೆಗೆ ತಪ್ಪದೆ ಒಂದು ಸಾಲು, "ನಿನ್ನ ಅಪ್ಪನ ಆಶೀರ್ವಾದ." ಒಂದು ವರ್ಷ ಕಾರ್ತಿಕದ ನಂತರ ಆ ಸಾಲು ನಿಂತಿತು. ಮಾಸ್ತರರು ಮರೆತಿರಬೇಕೆಂದುಕೊಂಡೆವು. ನಾಲ್ಕು ಪತ್ರಗಳು ಬಂದವು, ನಾಲ್ಕರಲ್ಲಿಯೂ "ಎಲ್ಲರೂ ಕ್ಷೇಮ." ಪರೀಕ್ಷೆ ಮುಗಿಸಿ ಊರಿಗೆ ಬಂದಾಗ ಬಾಗಿಲಲ್ಲಿ ಅವ್ವನ ಬರಿಗೈ ಕಂಡೆವು. ತಂದೆಯವರು ಲಿಂಗೈಕ್ಯರಾಗಿ ಐದು ತಿಂಗಳಾಗಿತ್ತು. ಹುಡುಗನ ಅಧ್ಯಯನ ಕೆಡಬಾರದು, ತಿಳಿಸಕೂಡದು ಎಂದು ಹಿರಿಯರೊಬ್ಬರು ಅಪ್ಪಣೆ ಮಾಡಿದ್ದರಂತೆ. ಅವರ ಉದ್ದೇಶ ಕೆಟ್ಟದ್ದಲ್ಲ, ಒಪ್ಪುತ್ತೇವೆ. ಆದರೆ ಆದದ್ದೇನು? ಕಾಶಿಗೆ ಮರಳಿ ಆ ನಾಲ್ಕು ಪತ್ರಗಳನ್ನು ಮತ್ತೆ ಮತ್ತೆ ಓದಿದೆವು. ಆಕಳು ಕರು ಹಾಕಿದ್ದಾದರೂ ನಿಜವೇ ಎಂಬ ಸಂಶಯ! ಮುಂದೆ ಬಂದ ಯಾವ ಪತ್ರವನ್ನೂ ನಂಬಲಾಗಲಿಲ್ಲ. ಅಧ್ಯಯನ ಕೆಟ್ಟದ್ದು ಸಾವಿನ ಸುದ್ದಿಯಿಂದಲ್ಲ, ಮುಚ್ಚಿಟ್ಟ ಕ್ಷೇಮದಿಂದ. ಒಂದು ವರ್ಷ ಕೌಮುದಿಯ ಸೂತ್ರಗಳು ತಲೆಗೆ ಹತ್ತಲಿಲ್ಲ.

ಆದ್ದರಿಂದ ಮೊನ್ನೆ ಆ ಹುಡುಗನನ್ನು ಕರೆಸಿ ತಾಯಿಯ ಎದುರಿಗೆ ಕೂಡಿಸಿ, "ಹೇಳವ್ವಾ" ಎಂದೆವು. ಆಕೆ ಹೇಳಿದರು. ಹುಡುಗ ಅತ್ತ. ಎರಡು ದಿನ ಊರಿಗೆ ಹೋಗಿ ಅಜ್ಜಿಯ ಪಕ್ಕದಲ್ಲಿ ಕುಳಿತು ಬಂದ. ನಿನ್ನೆಯಿಂದ ಪಾಠಕ್ಕೆ ಕುಳಿತಿದ್ದಾನೆ.

ನಮಗೆ ಪಟ್ಟವಾದ ಮೇಲೆ ಅವ್ವ ಬಂದರೆ ಎಲ್ಲರಂತೆ ಸಾಲಿನಲ್ಲಿ ನಿಂತು, ನಮಸ್ಕರಿಸಿ, "ಅಪ್ಪಾರ" ಎಂದೇ ಕರೆಯುತ್ತಿದ್ದರು. ಹೆತ್ತ ತಾಯಿಯಿಂದ ಆ ಮಾತು ಕೇಳಲು ನಮಗೆ ಕಡೆಯವರೆಗೂ ರೂಢಿಯಾಗಲಿಲ್ಲ. "ಯಾವುದನ್ನೂ ಮುಚ್ಚಿಡಬೇಡಿರಿ" ಎಂದು ಅವರಿಂದ ಮಾತು ತೆಗೆದುಕೊಂಡಿದ್ದೆವು. ಒಂದು ಅಮಾವಾಸ್ಯೆಗೆ ಬಂದವರು ಎಂದಿನಂತೆ ಆರಂಭಿಸಿದರು. "ಜ್ವಾಳ ಈ ಸಲ ಕೈ ಕೊಟ್ಟೈತ್ರಿ ಅಪ್ಪಾರ. ಮುದಿ ಎತ್ತು ಮಾರಿದ್ವಿ. ತಂಗಿ ಮಗಳು ಮೈನೆರೆದಾಳ." ಆಮೇಲೆ ಸೆರಗು ಸರಿಮಾಡಿಕೊಂಡು, "ನನಗ ಹೊಟ್ಟ್ಯಾಗ ಗಂಟು ಐತಂತ್ರಿ, ಡಾಕ್ಟರು ಹೇಳ್ಯಾರ. ಮುಚ್ಚಿಡಬ್ಯಾಡಂದಿದ್ರಿ, ಹೇಳೀನಿ" ಎಂದರು.

ಆ ಸಂಜೆಯ ಪಾಠವನ್ನು ನಾವು ಬಿಡಲಿಲ್ಲ. ಪಾಠ ಮುಗಿದ ಮೇಲೆ ಅವರು ತಂಗಿದ್ದ ಕೋಣೆಗೆ ಹೋಗಿ, ಬೆಳಗಿನ ಜಾವದವರೆಗೆ ಎತ್ತಿನ ಸುದ್ದಿ, ಜೋಳದ ಸುದ್ದಿಯನ್ನೆಲ್ಲ ಮತ್ತೊಮ್ಮೆ ಹೇಳಿಸಿಕೊಂಡೆವು.