ರಾಗಿಯ ವಂಶಾವಳಿ



ಕರಿಘಟ್ಟದ ಬುಡದಲ್ಲಿ ಲೋಕಪಾವನಿಯು ಹರಿದು ಕಾವೇರಿಯನ್ನು ಸೇರುವುದು. ಅಲ್ಲಿ ಭತ್ತ ಮತ್ತು ಕಬ್ಬಿನ ಹಸಿರು. ಆ ಹೊಳೆಯು ಇಳಿದು ಬರುವ ನಾಗಮಂಗಲದ ಕಡೆಗೆ ಹೋದಂತೆಲ್ಲ ಮಳೆಯನ್ನೇ ನಂಬಿದ ಹೊಲಗಳು ಕಾಣಬರುವುವು. ಆ ಹೊಲಗಳ ಒಡತಿಯು ರಾಗಿ. ಮುದ್ದೆಯಾಗಿ, ಅಂಬಲಿಯಾಗಿ ಈ ಸೀಮೆಯ ಜನರನ್ನು ಸಾಕಿದ ಧಾನ್ಯವಿದು. ಒಂದು ಕಣದಿಂದ ಶರೀರವು ಬೆಳೆಯುವುದು ಹೇಗೆ? ತಾಯಿತಂದೆಗಳ ಗುಣವು ಮಕ್ಕಳಿಗೆ ಬರುವುದು ಹೇಗೆ? ಜೀವಜಾತಿಗಳು ಕಾಲಕ್ರಮದಲ್ಲಿ ಮಾರ್ಪಡುವುದು ಹೇಗೆ? ಜೀವಶಾಸ್ತ್ರದ ಈ ಮೂರು ಪ್ರಶ್ನೆಗಳಿಗೂ ಈ ಕಿರುಧಾನ್ಯವೇ ಉತ್ತರವನ್ನು ಕೊಡಬಲ್ಲುದು.

ಸಾಸಿವೆಯಷ್ಟು ಚಿಕ್ಕದಾದ ಆ ಕಾಳಿನೊಳಗೆ ಮಲಗಿರುವ ಮೊಳಕೆಯು ಮೊದಲು ಒಂದೇ ಒಂದು ಜೀವಕೋಶವಾಗಿದ್ದಿತು. ಹೂವಿನ ಪರಾಗದ ಕೋಶವೂ ಅಂಡದ ಕೋಶವೂ ಕೂಡಿ ಆ ಒಂದಾಯಿತು. ಒಂದು ಎರಡಾಗಿ, ಎರಡು ನಾಲ್ಕಾಗಿ, ಲಕ್ಷಾಂತರವಾಗಿ ಒಡೆದು ಗಿಡವಾಗುವುದು. ಪ್ರತಿಯೊಂದು ಕೋಶದ ತಿರುಳಿನಲ್ಲಿ ವರ್ಣತಂತುಗಳೆಂಬ ಸೂಕ್ಷ್ಮವಾದ ಎಳೆಗಳುಂಟು. ರಾಗಿಯಲ್ಲಿ ಅವು 36. ಕೋಶವು ಒಡೆಯುವುದಕ್ಕೆ ಮೊದಲು ಪ್ರತಿಯೊಂದು ಎಳೆಯೂ ತನ್ನ ಪ್ರತಿಯೊಂದನ್ನು ಸಿದ್ಧಪಡಿಸಿಕೊಳ್ಳುವುದರಿಂದ ಬೇರಿನ ಕೋಶಕ್ಕೂ ಎಲೆಯ ಕೋಶಕ್ಕೂ ಅದೇ ಆಸ್ತಿ ದೊರೆಯುವುದು. ಹಾಗಾದರೆ ಒಂದು ಬೇರಾಗಿ, ಮತ್ತೊಂದು ಎಲೆಯಾಗಲು ಕಾರಣವೇನು? ಗ್ರಂಥವೊಂದೇ, ಆಯಾ ಕೋಶವು ಓದಿಕೊಳ್ಳುವ ಅಧ್ಯಾಯ ಮಾತ್ರ ಬೇರೆ. ಪರಾಗವೂ ಅಂಡವೂ ಹುಟ್ಟುವಾಗ ಮಾತ್ರ ಈ ಎಳೆಗಳು ಅರ್ಧವಾಗಿ 18 ಆಗುವುವು. ತಾಯಿಯ 18, ತಂದೆಯ 18 ಕೂಡಿ ಮತ್ತೆ 36 ತುಂಬುವುವು.

ಈ ಹಂಚಿಕೆಯ ನಿಯಮವನ್ನು ಮೊದಲು ಕಂಡವನು ಒಬ್ಬ ಮಠವಾಸಿಯೆಂಬುದು ಸ್ಮರಣೀಯವು. ಮಧ್ಯ ಯೂರೋಪಿನ ಬ್ರನೋ ನಗರದ ಕ್ರೈಸ್ತಮಠದ ಗ್ರೆಗರ್ ಮೆಂಡೆಲನು 1856ರಿಂದ 1863ರವರೆಗೆ ಮಠದ ತೋಟದಲ್ಲಿ ಬಟಾಣಿಯನ್ನು ಬೆಳೆದು ಪರೀಕ್ಷಿಸಿದನು. ಗುಂಡುಕಾಳಿನ ಗಿಡವನ್ನೂ ಸುಕ್ಕುಕಾಳಿನ ಗಿಡವನ್ನೂ ಕೂಡಿಸಲು, ಮೊದಲನೆಯ ತಲೆಮಾರಿನಲ್ಲಿ ಎಲ್ಲವೂ ಗುಂಡುಕಾಳುಗಳೇ ಆದುವು; ಸುಕ್ಕು ನಾಶವಾಯಿತೆಂದೇ ತೋರಿತು. ಆ ಕಾಳುಗಳನ್ನು ಬಿತ್ತಿ ಪಡೆದ ಎರಡನೆಯ ತಲೆಮಾರಿನಲ್ಲಿ 5,474 ಗುಂಡುಕಾಳುಗಳೂ 1,850 ಸುಕ್ಕುಕಾಳುಗಳೂ ದೊರೆತುವು. ಎಂದರೆ ಸುಮಾರು ಮೂರಕ್ಕೆ ಒಂದು. ಅಡಗಿದ್ದುದು ಅಳಿದಿರಲಿಲ್ಲ. 1866ರಲ್ಲಿ ಅಚ್ಚಾದ ಈ ಸಂಗತಿಯನ್ನು ವಿದ್ವಾಂಸರು ಗಣಿಸಲಿಲ್ಲ. ಮೆಂಡೆಲನು 1868ರಲ್ಲಿ ಆ ಮಠದ ಅಧಿಪತಿಯಾಗಿ, 1884ರಲ್ಲಿ ಕಾಲವಾದನು. ಲೋಕವು ಆತನ ಮಾತಿಗೆ ಕಿವಿಗೊಟ್ಟುದು 1900ರಲ್ಲಿ.

ಇನ್ನು ರಾಗಿಯ ಮೂಲವಾವುದು? ಅದು ಈ ನೆಲದಲ್ಲಿಯೇ ಹುಟ್ಟಿದುದೆಂದು ಅನೇಕರು ನಂಬಿರುವರು. ಆದರೆ ಅದರ ತವರು ಪೂರ್ವ ಆಫ್ರಿಕದ ಎತ್ತರದ ಪ್ರದೇಶಗಳು. 18 ವರ್ಣತಂತುಗಳುಳ್ಳ ಎರಡು ಬಗೆಯ ಹುಲ್ಲುಗಳು ಪೂರ್ವಕಾಲದಲ್ಲಿ ಬೆರೆತು, ಎರಡರ ಎಳೆಗಳೂ ಉಳಿದುಕೊಂಡು, 36 ಎಳೆಗಳ ಕಾಡುರಾಗಿಯಾಯಿತು. ಕಾಡುರಾಗಿಯ ಕಾಳು ಮಾಗಿದೊಡನೆ ಉದುರುವುದು. ಹುಲ್ಲಿಗೆ ಅದು ಹಿತ, ಕೊಯ್ಯುವವನಿಗೆ ನಷ್ಟ. ಉದುರದೆ ತೆನೆಯಲ್ಲಿಯೇ ನಿಂತ ಕಾಳುಗಳು ಮಾತ್ರ ಮನುಷ್ಯನ ಕೈಸೇರಿ, ಮುಂದಿನ ವರ್ಷ ಬಿತ್ತನೆಯಾದುವು. ಹೀಗೆ ಸಾವಿರಾರು ವರ್ಷ ನಡೆಯಲು, ಕಾಳುದುರದ ರಾಗಿಯು ಸಿದ್ಧವಾಯಿತು. ಕಾಡಿನಲ್ಲಿ ಬಾಳಲಾರದ ಗಿಡವು ಹೊಲದಲ್ಲಿ ಬಾಳಿತು. 1859ರಲ್ಲಿ ಚಾರ್ಲ್ಸ್ ಡಾರ್ವಿನನು ಪ್ರಕಟಿಸಿದ ವಿಕಾಸತತ್ತ್ವದ ಸಾರವೂ ಇದೇ: ಸಂತಾನದಲ್ಲಿ ವ್ಯತ್ಯಾಸಗಳು ಹುಟ್ಟುವುವು, ಸನ್ನಿವೇಶಕ್ಕೆ ಒಪ್ಪಿದುದು ಹೆಚ್ಚು ಸಂತಾನವನ್ನು ಬಿಡುವುದು.

ಸಾವಿರಾರು ವರ್ಷಗಳ ಹಿಂದೆ ರಾಗಿಯು ಕಡಲನ್ನು ದಾಟಿ ಭಾರತಕ್ಕೆ ಬಂದಿತು. ಇಲ್ಲಿಯ ಮಳೆಗೂ ಮಣ್ಣಿಗೂ ಒಗ್ಗುತ್ತ, ಒಕ್ಕಲುಮಕ್ಕಳ ಆಯ್ಕೆಗೆ ಒಳಗಾಗುತ್ತ ಹಸಿರುಕಡ್ಡಿ, ಕರಿಗಿಡ್ಡ, ಉಂಡೆರಾಗಿ ಮೊದಲಾದ ಹಲವು ತಳಿಗಳಾಯಿತು. ಆಫ್ರಿಕದಲ್ಲಿ ಉಳಿದ ಕುಲವು ಬೇರೆ ದಾರಿಯನ್ನು ಹಿಡಿಯಿತು.

ಅಗಲಿದ ಈ ದಾಯಾದಿಗಳನ್ನು ಮತ್ತೆ ಕೂಡಿಸಿದ ಕೀರ್ತಿಯು ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರದು. ಮೈಸೂರಿನ ಬಳಿಯ ಹಾರೋಹಳ್ಳಿಯಲ್ಲಿ 1921ರಲ್ಲಿ ಜನಿಸಿ, 1993ರಲ್ಲಿ ಕಾಲವಾದ ಅವರನ್ನು ಜನರು ರಾಗಿಬ್ರಹ್ಮನೆಂದು ಕರೆದರು. ಈ ಕಾರ್ಯವು ಸುಲಭವಾದುದಲ್ಲ. ರಾಗಿಯ ಹೂವು ಅತಿ ಕಿರಿದು. ಬಹುಮಟ್ಟಿಗೆ ತನ್ನ ಪರಾಗದಿಂದಲೇ ತಾನು ಕಾಳುಕಟ್ಟುವುದು. ಆದಕಾರಣ ತಳಿಗಾರರು ಎರಡು ಗಿಡಗಳ ತೆನೆಗಳನ್ನು ಜೊತೆಗೂಡಿಸಿ ಕಟ್ಟುವರು. ತಾಯಿಗಿಡವು ಹಸಿರು, ತಂದೆಗಿಡವು ನೇರಳೆ ಬಣ್ಣದ್ದಾಗಿದ್ದರೆ, ಹುಟ್ಟಿದ ಸಸಿಗಳಲ್ಲಿ ನೇರಳೆಯ ಛಾಯೆಯುಳ್ಳುದೇ ಬೆರಕೆಯೆಂದು ತಿಳಿಯುವುದು. ನೇರಳೆಯು ಹಸಿರನ್ನು ಮರೆಮಾಡುವ ಗುಣ. ಬೆರಕೆಯ ಸಂತಾನವು ಮೆಂಡೆಲನ ಬಟಾಣಿಯಂತೆ ನಾನಾ ರೂಪಗಳಾಗಿ ಒಡೆಯುವುದು. ಪ್ರತಿಯೊಂದು ತಲೆಮಾರಿನಲ್ಲಿಯೂ ಬೆರಕೆಯು ಅರ್ಧದಷ್ಟು ಇಳಿಯುವುದರಿಂದ, ಒಳ್ಳೆಯ ತೆನೆಗಳನ್ನು ಆರೇಳು ತಲೆಮಾರು ಆರಿಸಿದ ಮೇಲೆಯೇ ಸ್ಥಿರವಾದ ತಳಿಯು ಕೈಗೆ ಬರುವುದು. ಲಕ್ಷ್ಮಣಯ್ಯನವರು ಅನ್ನಪೂರ್ಣ, ಕಾವೇರಿ, ಶಕ್ತಿ ಮೊದಲಾದ ತಳಿಗಳನ್ನು ಕೊಟ್ಟ ತರುವಾಯ, 1970ರ ದಶಕದಿಂದ ಇಂಡಾಫ್ ತಳಿಗಳು ಹೊಲಗಳಿಗೆ ಇಳಿದುವು. ಇಂಡಿಯಾ, ಆಫ್ರಿಕಾ ಎಂಬ ಎರಡು ಹೆಸರುಗಳ ಕೂಡಿಕೆಯೇ ಇಂಡಾಫ್. ಹೆಚ್ಚು ಇಳುವರಿಯ ಈ ತಳಿಗಳು ಬಡವರ ಮನೆಗಳಲ್ಲಿ ಹಸಿವನ್ನು ಹಿಂಗಿಸಲು ನೆರವಾದುವು.

ಕಥೆಯು ಇಲ್ಲಿಗೆ ಮುಗಿಯಲಿಲ್ಲ. ರಾಗಿಯ ಕುತ್ತಿಗೆಯನ್ನೂ ತೆನೆಯನ್ನೂ ಸುಡುವ ಬೆಂಕಿರೋಗವು ಒಂದು ಬಗೆಯ ಬೂಷ್ಟಿನ ಕೃತ್ಯ. ಆ ಬೂಷ್ಟೂ ಜೀವಿಯೇ. ಅದೂ ವಿಕಾಸದ ನಿಯಮಕ್ಕೆ ಒಳಪಟ್ಟು ಮಾರ್ಪಡುತ್ತಲೇ ಇರುವುದು. ಊರಿಗೆಲ್ಲ ಒಂದೇ ತಳಿಯಾದರೆ, ಅದರ ಬೀಗವನ್ನು ತೆರೆದ ರೋಗಕ್ಕೆ ಎಲ್ಲ ಮನೆಗಳೂ ತೆರೆದಂತೆಯೇ. ಬೆಂಗಳೂರಿನಲ್ಲಿ ರೂಪಗೊಂಡ ಜಿ.ಪಿ.ಯು. 28 ಎಂಬ ತಳಿಯು ಈ ರೋಗವನ್ನು ತಡೆಯುವುದರಲ್ಲಿ ಹೆಸರಾಯಿತು; ಅದರ ವಂಶಾವಳಿಯಲ್ಲಿ ಇಂಡಾಫ್ 5, ಇಂಡಾಫ್ 9 ಇರುವುವು. ಹೊಸದೆಂಬುದು ಶೂನ್ಯದಿಂದ ಹುಟ್ಟುವುದಿಲ್ಲ. ಹಳೆಯದು ಉಳಿದಿದ್ದರೆ ಮಾತ್ರ ಹೊಸದಕ್ಕೆ ಹುಟ್ಟು.

ಇಳುವರಿ ಕಡಿಮೆಯೆಂದು ಮೂಲೆಗೆ ಬಿದ್ದ ನಾಡತಳಿಯಲ್ಲಿ ನಾಳಿನ ಬರವನ್ನು ತಾಳುವ ಗುಣವೋ, ರೋಗವನ್ನು ತಡೆಯುವ ಗುಣವೋ ಇದ್ದೀತು. ಮೆಂಡೆಲನ ಸುಕ್ಕುಕಾಳು ಒಂದು ತಲೆಮಾರು ಅಡಗಿದ್ದು ಮರಳಿತು. ಅಳಿದುಹೋದ ತಳಿಯು ಮರಳುವುದಿಲ್ಲ. ಹಗೇವಿನಲ್ಲಿ ಬಹುಕಾಲ ಇಟ್ಟ ರಾಗಿಯು ಊಟಕ್ಕೆ ಒದಗೀತು. ಮೊಳೆಯುವ ಶಕ್ತಿಯಾದರೋ ವರ್ಷಗಳು ಕಳೆದಂತೆ ಕುಂದುವುದು. ಬೀಜವನ್ನು ಬಿತ್ತಿಯೇ ಉಳಿಸಬೇಕು. ಹೊಸ ತಳಿಯಿಂದ ಕಣವನ್ನು ತುಂಬಿಸಿಕೊಳ್ಳುವ ಒಕ್ಕಲಿಗನು ಹೊಲದ ಒಂದಂಚಿನಲ್ಲಿ ಹಿರಿಯರ ರಾಗಿಗೆ ನಾಲ್ಕು ಸಾಲು ಬಿಟ್ಟರೆ, ಇನ್ನೂ ಹುಟ್ಟದವರ ಅನ್ನಕ್ಕೆ ದಾರಿಯನ್ನು ಉಳಿಸಿದಂತಾಗುವುದು.